ಸಖ್ಯದಿಂದ ದಾಂಪತ್ಯಕ್ಕೆ: ಚಾರಿತ್ರಿಕ ಪ್ರಣಯ ಕಾದಂಬರಿಯ ಒಂದು ಓದು

ಚಾರಿತ್ರಿಕ ಕಾದಂಬರಿಯ ಚರ್ಚೆಯಲ್ಲಿ ಪ್ರಣಯಕ್ಕೆ ದೊರೆತಿರುವ ಸ್ಥಾನ ಅಷ್ಟೇನೂ ಗೌರವದ್ದಲ್ಲ. ಯುದ್ಧ, ಸಂಧಾನ, ಪಟ್ಟಾಭಿಷೇಕ, ಮತಾಂತರಗಳು ವಿಮರ್ಶಕರ ಗಮನ ಸೆಳೆಯುತ್ತವೆ. ಪ್ರಣಯವನ್ನು ಓದುಗನನ್ನು ಹಿಡಿದಿಡಲು ಹಾಕಿದ ಒಗ್ಗರಣೆ ಎಂದು ಭಾವಿಸಿ ಬದಿಗೆ ಸರಿಸುವುದೇ ವಾಡಿಕೆ. ಬಂಗಾಳಿಯ ಬಂಕಿಮಚಂದ್ರರನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದ ಕಾಲದಿಂದಲೂ ಸಾಮಾನ್ಯ ಓದುಗ ಈ ಬಗೆಯ ಕೃತಿಗಳನ್ನು ಮುಖ್ಯವಾಗಿ ಪ್ರಣಯಕ್ಕಾಗಿಯೇ ಓದುತ್ತ ಬಂದಿದ್ದಾನೆ ಎಂಬುದನ್ನು ಮರೆಯುವಂತಿಲ್ಲ. ಓದುಗನ ಈ ಆಸಕ್ತಿಯನ್ನು ಅಲ್ಪವೆಂದು ತಳ್ಳಿಹಾಕುವ ಬದಲು, ಚರಿತ್ರೆ ಹೇಳದೆ ಉಳಿಸಿದ ಯಾವ ಪ್ರಶ್ನೆಗೆ ಕಾದಂಬರಿಯ ಪ್ರಣಯ ಉತ್ತರ ಕೊಡಲು ಯತ್ನಿಸುತ್ತದೆ ಎಂದು ಕೇಳುವುದು ಹೆಚ್ಚು ಫಲಪ್ರದ. ಬಾಲ್ಯದ ಗೆಳೆತನ ಕ್ರಮೇಣ ಒಲವಾಗಿ, ದಾಂಪತ್ಯವಾಗಿ ಮಾಗುವ ಕಥೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ.

ಭಾರತೀಯ ಕಾವ್ಯಪರಂಪರೆಯಲ್ಲಿ ಒಲವು ಬಹುಮಟ್ಟಿಗೆ ಕಣ್ಣಿನಿಂದ ಆರಂಭವಾಗುವ ಸಂಗತಿ. ಆಲಂಕಾರಿಕರು ಎಣಿಸುವ ಕಾಮದ ಹತ್ತು ಅವಸ್ಥೆಗಳಲ್ಲಿ ಮೊದಲನೆಯದೇ ಚಕ್ಷುಃಪ್ರೀತಿ. ವನವಿಹಾರದಲ್ಲೋ ಚಿತ್ರಪಟದಲ್ಲೋ ಕಂಡೊಡನೆ ಮೂಡುವ ಪೂರ್ವರಾಗ, ಬಳಿಕ ವಿರಹ, ಬಳಿಕ ಸಮಾಗಮ, ಹೀಗೆ ಚಂಪೂಕಾವ್ಯಗಳ ನಾಯಕ ನಾಯಿಕೆಯರು ಸಾಗುತ್ತಾರೆ. ಸಖ್ಯಕ್ಕೆ ಅಲ್ಲಿ ಬೇರೆಯ ನೆಲೆ: ಅದು ಸಖಿಯರ ನಡುವಿನದು, ರಾಜನಿಗೂ ವಿದೂಷಕನಿಗೂ ನಡುವಿನದು. ಆದರೆ ವೈದಿಕ ವಿವಾಹವಿಧಿಯೊಳಗೇ ಇದಕ್ಕೊಂದು ಕುತೂಹಲಕರ ಅಪವಾದವಿದೆ. ಸಪ್ತಪದಿಯ ಏಳನೆಯ ಹೆಜ್ಜೆ ಸಖ್ಯಕ್ಕಾಗಿ ಇಡುವ ಹೆಜ್ಜೆ. ಪತಿಪತ್ನಿಯರು ಅಲ್ಲಿ ಒಬ್ಬರಿಗೊಬ್ಬರು ಗೆಳೆಯರಾಗುತ್ತಾರೆ. ಅಂದರೆ ಗೆಳೆತನ ವಿವಾಹದ ಕೊನೆಯ ಮೆಟ್ಟಿಲು. ಮೊದಲು ಅಪರಿಚಿತರು, ಅನಂತರ ದಂಪತಿಗಳು, ಕಟ್ಟಕಡೆಗೆ ಗೆಳೆಯರು ಎಂಬ ಕ್ರಮವಿದು. ಗೆಳೆತನದಿಂದ ಪ್ರಣಯಕ್ಕೆ ಬೆಳೆಯುವ ಕಾದಂಬರಿ ಈ ಕ್ರಮವನ್ನೇ ತಿರುವುಮುರುವು ಮಾಡುತ್ತದೆ. ಏಳನೆಯ ಹೆಜ್ಜೆಯನ್ನು ಮೊದಲು ಇಟ್ಟವರು ಉಳಿದ ಆರನ್ನು ಹೇಗೆ ಇಡುತ್ತಾರೆ ಎಂಬುದೇ ಅದರ ವಸ್ತು.

ಕನ್ನಡದಲ್ಲಿ ಇದಕ್ಕೆ ಅತ್ಯಂತ ವಿಸ್ತಾರವಾದ ನಿದರ್ಶನ ಸಿ. ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ'. ನಾಲ್ಕು ಸಂಪುಟಗಳ ಈ ಕಾದಂಬರಿಗೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪುರಸ್ಕಾರ 1983ರಲ್ಲಿ ಸಂದಿತು. ಅದಕ್ಕೂ ಮುಂಚೆ, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಹದಾರ್ಢ್ಯದ ಗುರುವೆಂದು ಖ್ಯಾತರಾಗಿದ್ದ ಕೆ. ವಿ. ಅಯ್ಯರ್ ಅವರು ಇದೇ ರಾಣಿಯ ಕಥೆಯನ್ನು 'ಶಾಂತಲಾ' ಎಂಬ ಹೆಸರಿನಲ್ಲಿ ಬರೆದಿದ್ದರು. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದೇ ಸಾಮಗ್ರಿಯಿಂದ ಎರಡು ಬಗೆಯ ಗೆಳೆತನಗಳು ಹುಟ್ಟಿರುವುದು ಕಾಣುತ್ತದೆ.

ಮೊದಲು ಸಾಮಗ್ರಿಯನ್ನು ನೋಡಬೇಕು. ಶಾಸನಗಳು ಶಾಂತಲದೇವಿಯ ಬಗ್ಗೆ ಜಿಪುಣತನ ತೋರಿಲ್ಲ. ಅವಳ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳು ತಾಯಿಯ ಧರ್ಮವನ್ನು ಹಿಡಿದವಳು. ಗೀತ, ವಾದ್ಯ, ನೃತ್ಯಗಳಲ್ಲಿ ಅವಳ ಪ್ರೌಢಿಮೆಯನ್ನು ಶಾಸನಕವಿಗಳು ಮನಸಾರೆ ಹೊಗಳಿದ್ದಾರೆ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ವಿಜಯನಾರಾಯಣನನ್ನು ಪ್ರತಿಷ್ಠಿಸಿದಾಗ ಪಕ್ಕದ ಚೆನ್ನಿಗರಾಯನ ಗುಡಿ ಅವಳ ಹೆಸರಿನೊಂದಿಗೆ ಕೂಡಿಕೊಂಡಿತು. ಶ್ರವಣಬೆಳಗೊಳದಲ್ಲಿ ಅವಳು ಶಾಂತಿನಾಥನ ಬಸದಿಯನ್ನು ಕಟ್ಟಿಸಿ 1123ರಲ್ಲಿ ದತ್ತಿ ಬಿಟ್ಟಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಇಷ್ಟೆಲ್ಲ ಹೇಳುವ ಶಾಸನಗಳು ಒಂದನ್ನು ಮಾತ್ರ ಹೇಳುವುದಿಲ್ಲ. ಒಬ್ಬ ಹೆಗ್ಗಡೆಯ ಮಗಳು ಹೊಯ್ಸಳ ರಾಜಕುಮಾರನನ್ನು ಹೇಗೆ ಕಂಡಳು, ಎಲ್ಲಿ ಕಂಡಳು, ಅವರ ನಡುವೆ ಏನು ನಡೆಯಿತು? ವಿವಾಹದ ಫಲ ಶಿಲೆಯಲ್ಲಿದೆ, ವಿವಾಹದ ಹಾದಿ ಇಲ್ಲ. ಕಾದಂಬರಿ ಕಾಲಿಡುವುದು ಆ ಹಾದಿಯಲ್ಲಿ. ಅಂತ್ಯ ಎಲ್ಲರಿಗೂ ಗೊತ್ತಿರುವುದರಿಂದ 'ಇವರು ಒಂದಾಗುತ್ತಾರೆಯೇ' ಎಂಬ ಕುತೂಹಲ ಇಲ್ಲಿ ಹುಟ್ಟುವುದಿಲ್ಲ. 'ಹೇಗೆ ಒಂದಾದರು' ಎಂಬುದೊಂದೇ ಉಳಿಯುತ್ತದೆ. ಶಾಲಾಪಠ್ಯದಲ್ಲಿ ಇವರನ್ನು ರಾಜರಾಣಿಯರಾಗಿಯೇ ಬಲ್ಲ ಓದುಗನಿಗೆ ಇವರನ್ನು ಮಕ್ಕಳಾಗಿ ಕಾಣುವ ಅವಕಾಶ ಸಿಗುತ್ತದೆ. ಇಂಥ ಕಾದಂಬರಿಯ ಆಕರ್ಷಣೆಯ ದೊಡ್ಡ ಪಾಲು ಇದೇ.

ನಾಗರಾಜರಾಯರ ಮೊದಲ ಸಂಪುಟ ಬಳ್ಳಿಗಾವೆಯಲ್ಲಿ, ಕಾದಂಬರಿಯ ಬಳಕೆಯಂತೆ ಬಲಿಪುರದಲ್ಲಿ, ಬೀಡುಬಿಡುತ್ತದೆ. ಮಾರಸಿಂಗಯ್ಯ ಅಲ್ಲಿಯ ಹೆಗ್ಗಡೆ. ಮಗಳಿಗೆ ವಿದ್ಯೆ ಕಲಿಸುವವರು ಗುರು ಬೋಕಿಮಯ್ಯ. ಈ ಹೆಸರಿನ ಆಯ್ಕೆಯಲ್ಲಿ ಕಾದಂಬರಿಕಾರರ ಕ್ರಮದ ಸುಳಿವಿದೆ. ಶಾಂತಲೆಯ ಮರಣವನ್ನು ಸ್ಮರಿಸುವ ಶ್ರವಣಬೆಳಗೊಳದ ಶಾಸನಕ್ಕೂ ಬೋಕಿಮಯ್ಯನೆಂಬವನ ಹೆಸರಿಗೂ ನಂಟಿದೆ. ಅವಳ ಬದುಕಿನ ಕೊನೆಯ ಸಾಲುಗಳನ್ನು ಬರೆದವನನ್ನು ಕಾದಂಬರಿ ಅವಳಿಗೆ ಮೊದಲ ಅಕ್ಷರ ಕಲಿಸುವವನಾಗಿ ಮಾಡಿದೆ. ಶಾಸನದ ಒಂದು ಹೆಸರಿನಿಂದ ಒಂದು ಜೀವವನ್ನು ಬೆಳೆಸುವ ಈ ಬಗೆ ಕೃತಿಯುದ್ದಕ್ಕೂ ಕಾಣುತ್ತದೆ.

ರಾಜಕುಮಾರ ಬಿಟ್ಟಿದೇವ ಶಾಂತಲೆಯ ಓದಿನ ಜೊತೆಗಾರನಾಗುವುದು ಕಥೆಯ ಬೀಜ. ಇವರ ಗೆಳೆತನಕ್ಕೆ ಲೇಖಕರು ಆರಿಸಿಕೊಂಡ ನೆಲ ಉದ್ಯಾನವಲ್ಲ, ಪಾಠದ ಜಗಲಿ. ಇಬ್ಬರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಾರೆ, ವಾದಿಸುತ್ತಾರೆ, ಒಪ್ಪದೆಯೂ ಏಳುತ್ತಾರೆ. ಇದರ ಸಾಮಾಜಿಕ ಜಾಣ್ಮೆ ಗಮನಾರ್ಹ. ಹಿರಿಯರು ವಿವಾಹವನ್ನು ನಿಶ್ಚಯಿಸುವ ಸಮಾಜದ ಓದುಗರಿಗಾಗಿ ವಿವಾಹಪೂರ್ವದ ಒಲವನ್ನು ಬರೆಯಹೊರಟ ಕಾದಂಬರಿಕಾರ ಎದುರಿಸುವ ತೊಡಕೆಂದರೆ, ಪರಿಚಯಕ್ಕೆ ಒಂದು ಮರ್ಯಾದೆಯ ಸ್ಥಳ ಹುಡುಕುವುದು. ಗುರುವಿನ ಕಣ್ಣೆದುರಿನ ಸಹಾಧ್ಯಯನ ಅಂಥ ಸ್ಥಳ. ಅಲ್ಲಿ ಹುಡುಗಿ ಮಾತನಾಡಬಹುದು, ಮಾತ್ರವಲ್ಲ ಹುಡುಗನ ಮಾತನ್ನು ತಿದ್ದಬಹುದು. ಒ. ಚಂದುಮೇನೋನ್ ಅವರು 1889ರ ಮಲಯಾಳ ಕಾದಂಬರಿ 'ಇಂದುಲೇಖಾ'ದಲ್ಲಿ ಇದೇ ತೊಡಕನ್ನು ಒಂದೇ ತರವಾಡಿನ ಬಂಧುತ್ವದ ಮೂಲಕ ಬಿಡಿಸಿಕೊಂಡಿದ್ದರು. ಅಲ್ಲಿಯೂ ಮಾತು, ಓದು, ವಾದಗಳೇ ಪ್ರಣಯದ ಮೈ.

ಬಿಟ್ಟಿದೇವ ಕಿರಿಯ ಮಗ ಎಂಬುದನ್ನು ಕಾದಂಬರಿ ಮರೆಯಗೊಡುವುದಿಲ್ಲ. ಸಿಂಹಾಸನ ಅಣ್ಣ ಬಲ್ಲಾಳನದು. ಆದ್ದರಿಂದ ಹೆಗ್ಗಡೆಯ ಮಗಳ ಗೆಳೆತನದಲ್ಲಿ ಪಟ್ಟದ ಲೆಕ್ಕಾಚಾರವಿರಲು ಸಾಧ್ಯವಿಲ್ಲ. ಇದಕ್ಕೆ ಎದುರಾಗಿ ನಿಲ್ಲಿಸಿರುವುದು ದಂಡನಾಯಕ ಮರಿಯಾನೆಯ ಮನೆಯನ್ನು. ಅವನ ಮೂವರು ಹೆಣ್ಣುಮಕ್ಕಳನ್ನು ಒಂದನೆಯ ಬಲ್ಲಾಳ 1103ರಲ್ಲಿ ಒಂದೇ ದಿನ ಮದುವೆಯಾದನೆಂಬುದು ಶಾಸನೋಕ್ತ. ಆ ಸಂದರ್ಭದಲ್ಲಿ ಮರಿಯಾನೆಗೆ ದೊರೆತ ಸಿಂದಗೆರೆಯ ದತ್ತಿಯನ್ನು ಹೆಣ್ಣುಮಕ್ಕಳಿಗೆ ಎರೆದ ಮೊಲೆವಾಲಿನ ಋಣಕ್ಕೆ ಸಂದ ಸಲ್ಲಿಕೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಪ್ರಣಯದ ಬಗ್ಗೆ ಮೌನವಾಗಿರುವ ಶಾಸನ ಕೊಡುಕೊಳ್ಳುವಿಕೆಯ ಬಗ್ಗೆ ಎಷ್ಟು ನಿಚ್ಚಳವಾಗಿ ಮಾತನಾಡುತ್ತದೆ! ನಾಗರಾಜರಾಯರು ಈ ವಿವಾಹವನ್ನು ಹೆಣ್ಣುಮಕ್ಕಳ ತಾಯಿ ಚಾಮವ್ವೆಯ ಮಹತ್ವಾಕಾಂಕ್ಷೆಯ ಕಥೆಯಾಗಿ ಬೆಳೆಸಿ, ಅದರ ಪಕ್ಕದಲ್ಲಿ ಶಾಂತಲೆ ಬಿಟ್ಟಿದೇವರ ಸಖ್ಯವನ್ನು ಇಟ್ಟಿದ್ದಾರೆ. ಒಂದು ಮದುವೆ ಯೋಜನೆಯಿಂದ ನಡೆದದ್ದು, ಇನ್ನೊಂದು ಸಹವಾಸದಿಂದ ಮೂಡಿದ್ದು. ಈ ಹೋಲಿಕೆ ಕೆಲವೆಡೆ ಅತಿ ಸರಳವಾಗಿದೆ. ಚಾಮವ್ವೆ ಪಾಪ, ಕಥೆಯ ಎಲ್ಲ ಕೆಡುಕಿನ ಭಾರ ಹೊರಬೇಕಾಗಿ ಬಂದಿದೆ. ಆದರೂ ಎರಡು ವಿವಾಹಕ್ರಮಗಳ ಈ ಮುಖಾಮುಖಿಯೇ ಮೊದಲ ಸಂಪುಟಗಳಿಗೆ ಬಿಗಿ ತಂದುಕೊಟ್ಟಿದೆ ಎನ್ನಬೇಕು.

ನಿಜವಾದ ಕಷ್ಟ ಬರುವುದು ಮದುವೆಯ ಅನಂತರ. ಸಾಮಾನ್ಯ ಪ್ರಣಯಕಥೆ ಮದುವೆಯೊಂದಿಗೆ ಮುಗಿಯಬಹುದು. ಚರಿತ್ರೆಗೆ ಆ ಸ್ವಾತಂತ್ರ್ಯವಿಲ್ಲ. ವಿಷ್ಣುವರ್ಧನನಿಗೆ ಬಮ್ಮಲದೇವಿ ಮೊದಲಾದ ಬೇರೆ ರಾಣಿಯರಿದ್ದರು. ಅವನ ಅನಂತರ ಪಟ್ಟವೇರಿದ ನರಸಿಂಹ ಲಕ್ಷ್ಮೀದೇವಿಯ ಮಗ. ಮೇಲೆ ಹೇಳಿದ ಬೆಳಗೊಳದ ಬಸದಿಯ ಹೆಸರಾದರೂ ಏನು? ಸವತಿಗಂಧವಾರಣ ಬಸದಿ. ಸವತಿಯರೆಂಬವರಿಗೆ ಮದಗಜದಂಥವಳು ಎಂಬುದು ಶಾಂತಲದೇವಿಯ ಬಿರುದು. ಹೊಗಳಿಕೆಗಾಗಿ ಕಟ್ಟಿದ ಈ ಬಿರುದಿನಲ್ಲಿ ಒಂದು ಅಂತಃಪುರದ ಸದ್ದು ಅಡಗಿದೆ. ಗೆಳೆತನದ ಮೂಲಗುಣ ಸಮಾನತೆ. ಬಹುಪತ್ನಿತ್ವದ ಅರಮನೆಯಲ್ಲಿ ಆ ಸಮಾನತೆಗೆ ಏನಾಯಿತು? ಸಖ್ಯದಿಂದ ಆರಂಭವಾದ ದಾಂಪತ್ಯದ ಕಾದಂಬರಿ ಉತ್ತರಿಸಲೇಬೇಕಾದ ಪ್ರಶ್ನೆಯಿದು. ಕೃತಿಯ ಸತ್ತ್ವಪರೀಕ್ಷೆ ನಡೆಯುವುದೂ ಇಲ್ಲಿಯೇ.

ಅಯ್ಯರ್ ಅವರ ಪರಿಹಾರ ದಿಟ್ಟವಾದದ್ದು. ಅವರು ಲಕ್ಷ್ಮಿಯನ್ನು ಶಾಂತಲೆಯ ಬಾಲ್ಯಸಖಿಯನ್ನಾಗಿ, ಒಡಹುಟ್ಟಿದವಳಿಗಿಂತ ಹತ್ತಿರದವಳನ್ನಾಗಿ ಮಾಡಿದರು. ಅಲ್ಲಿಗೆ ಸವತಿಯ ಕಥೆ ಗೆಳೆತನದ ಕಥೆಯೊಳಗೇ ಸೇರಿಹೋಯಿತು. ಶಾಂತಲೆಯ ಹೃದಯದಲ್ಲಿ ಎರಡು ಸಖ್ಯಗಳಿವೆ, ಗಂಡನೊಂದಿಗಿನದು ಮತ್ತು ಗೆಳತಿಯೊಂದಿಗಿನದು. ಎರಡನ್ನೂ ಉಳಿಸಿಕೊಳ್ಳಹೊರಟವಳು ತನ್ನನ್ನು ಕಳೆದುಕೊಳ್ಳುತ್ತಾಳೆ. ಭಾವೋತ್ಕರ್ಷದ ಶೈಲಿ ಇಂದಿನ ಓದುಗನಿಗೆ ಅಲ್ಲಲ್ಲಿ ಭಾರವೆನಿಸಬಹುದು. ಆದರೆ ಕೃತಿಯ ರಚನೆ ದುರಂತಕ್ಕೆ ತಕ್ಕದ್ದಾಗಿದೆ. ನಾಗರಾಜರಾಯರಲ್ಲಿ ಲಕ್ಷ್ಮೀದೇವಿ ಹೊರಗಿನಿಂದ, ಶ್ರೀವೈಷ್ಣವ ಪರಿಸರದಿಂದ ಬರುವವಳು. ಅವಳ ಆಗಮನದೊಡನೆ ಅಂತಃಪುರದ ಕಲಹ ಮತದ ಕಲಹಕ್ಕೆ ತಳುಕುಹಾಕಿಕೊಳ್ಳುತ್ತದೆ. ಇದರಿಂದ ಕೃತಿಯ ರಾಜಕೀಯ ಹರಹು ಹೆಚ್ಚಿತು. ಆದರೆ ಸಖ್ಯದ ಪ್ರಶ್ನೆ ಮಂಕಾಯಿತು. ದೋಷವೆಲ್ಲ ಹೊರಗಿನವರದಾದಾಗ ಗೆಳೆಯ ಗೆಳತಿಯರು ಒಬ್ಬರಿಗೊಬ್ಬರು ಉತ್ತರ ಕೊಡಬೇಕಾದ ಪ್ರಸಂಗವೇ ತಪ್ಪಿಹೋಗುತ್ತದೆ. ಶಾಂತಲೆಯ ಕ್ಷಮಾಗುಣ ಇಲ್ಲಿ ಅಡ್ಡಿಯಾಗಿದೆ ಎಂದರೆ ವಿಚಿತ್ರವೆನಿಸಬಹುದು. ಕೋಪಿಸಿಕೊಳ್ಳಲಾರದ ಗೆಳತಿಯೊಡನೆ ಗೆಳೆತನ ಪೂರ್ಣವಾಗುವುದಿಲ್ಲ. ಬಾಲ್ಯದಲ್ಲಿ ಬಿಟ್ಟಿದೇವನ ಮಾತನ್ನು ತಿದ್ದುತ್ತಿದ್ದ ಹುಡುಗಿ ಪಟ್ಟಮಹಾದೇವಿಯಾದ ಮೇಲೆ ಎಲ್ಲರಿಗೂ ಆದರ್ಶವಾಗುತ್ತಾಳೆ, ಗಂಡನಿಗೆ ಮಾತ್ರ ಸಮಾನಳಾಗಿ ಉಳಿಯುವುದಿಲ್ಲ. ಸವತಿಗಂಧವಾರಣೆ ಎಂಬ ಬಿರುದಿನ ಆನೆ ನಾಲ್ಕು ಸಂಪುಟಗಳಲ್ಲಿ ಒಮ್ಮೆಯೂ ಘೀಳಿಡುವುದಿಲ್ಲ.

ಮತದ ವಿಷಯದಲ್ಲಿ ಮಾತ್ರ ಮೊದಲ ಗೆಳೆತನದ ಬೆಳಕು ಕೊನೆಯವರೆಗೂ ಉಳಿದಿದೆ. ಅರಸ ವಿಷ್ಣುಭಕ್ತನಾದ, ರಾಣಿ ಜೈನಳಾಗಿಯೇ ಉಳಿದಳು. ಇದು ಕಲ್ಪನೆಯಲ್ಲ, 1123ರ ಬಸದಿಯೇ ಸಾಕ್ಷಿ. ಶೈವ ತಂದೆ ಮತ್ತು ಜೈನ ತಾಯಿಯ ಮನೆಯಲ್ಲಿ ಬೆಳೆದವಳಿಗೆ ಇದು ಹೊಸ ಪಾಠವಲ್ಲ. ಒಪ್ಪದೆಯೂ ಜೊತೆಗಿರುವುದನ್ನು ಕಲಿತ ಪಾಠದ ಜಗಲಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಈ ವಸ್ತುವಿನ ಕನ್ನಡತನವನ್ನು ಅರಿಯಲು ನೆರೆಯ ಕೇರಳದ ನಿದರ್ಶನ ಸಹಾಯಕ. ತಿರುವನಂತಪುರದ ಸಿ. ವಿ. ರಾಮನ್ ಪಿಳ್ಳೆಯವರ 'ಮಾರ್ತಾಂಡವರ್ಮ' 1891ರಲ್ಲಿ ಪ್ರಕಟವಾಯಿತು. ಸ್ಕಾಟ್‌ನ ಮಾದರಿಯನ್ನು ಜೀರ್ಣಿಸಿಕೊಂಡು ಮಲಯಾಳದಲ್ಲಿ ಚಾರಿತ್ರಿಕ ಕಾದಂಬರಿಗೆ ಅಡಿಪಾಯ ಹಾಕಿದ ಕೃತಿಯಿದು. 1729ರಲ್ಲಿ ಅಧಿಕಾರಕ್ಕೆ ಬಂದು 1758ರವರೆಗೆ ಆಳಿದ ಮಾರ್ತಾಂಡವರ್ಮನ ಯೌವರಾಜ್ಯದ ಸಂಕಟಗಳು ಅದರ ಹಿನ್ನೆಲೆ. ವಿಶೇಷವೆಂದರೆ ಕೃತಿಗೆ ಹೆಸರಾದ ರಾಜಕುಮಾರನಿಗೆ ಅಲ್ಲಿ ಪ್ರಣಯಕಥೆಯೇ ಇಲ್ಲ. ಪ್ರಣಯ ಇರುವುದು ಅನಂತಪದ್ಮನಾಭನ್ ಮತ್ತು ಪಾರುಕುಟ್ಟಿಯರದು. ಅದೂ ಕಥೆ ಆರಂಭವಾಗುವ ವೇಳೆಗೆ ಚಿಗುರಿ, ಬೆಳೆದು, ಅಗಲಿಕೆಗೆ ಸಿಕ್ಕಿದೆ. ಕಾಡಿನಲ್ಲಿ ಹಲ್ಲೆಗೊಳಗಾಗಿ ಸತ್ತನೆಂದು ಎಲ್ಲರೂ ನಂಬಿದ ಯುವಕ ವೇಷ ಮರೆಸಿಕೊಂಡು ಸಂಚರಿಸುತ್ತಾನೆ. ಹುಡುಗಿ ಬೇರೆ ಮದುವೆಗೆ ಒಪ್ಪದೆ ಕೊರಗುತ್ತಾಳೆ. ಸಖ್ಯ ಒಲವಾಗುವ ಪರಿಯನ್ನು ತೋರುವುದು ಸಿ.ವಿ. ಅವರ ಉದ್ದೇಶವಲ್ಲ. ಒಲವಾಗದೆ ಉಳಿದ ಸಖ್ಯಗಳಲ್ಲೇ ಅವರ ಪ್ರತಿಭೆ ಬೆಳಗಿದೆ. ಗಾಯಗೊಂಡವನನ್ನು ಕಾಪಾಡಿದ ಪಠಾಣರ ಮನೆಯ ಜುಲೈಖಾ ಅವನನ್ನು ಪ್ರೀತಿಸಿ ಬರಿಗೈಯಲ್ಲಿ ಉಳಿಯುತ್ತಾಳೆ. ಪಿತೂರಿಯ ಸುಳಿವು ಕೊಟ್ಟು ರಾಜಕುಮಾರನನ್ನು ಉಳಿಸಿದ ಸುಭದ್ರೆ ಸ್ವಂತ ಸೋದರಮಾವನ ಕತ್ತಿಗೆ ಬಲಿಯಾಗುತ್ತಾಳೆ. ಮಲಯಾಳದ ಓದುಗರ ನೆನಪಿನಲ್ಲಿ ನಾಯಿಕೆಯಾಗಿ ನಿಂತವಳು ಪಾರುಕುಟ್ಟಿಗಿಂತ ಹೆಚ್ಚಾಗಿ ಸುಭದ್ರೆಯೇ.

ಅರಸನ ಒಲವಿಗೆ ಅಲ್ಲಿ ಎಡೆಯಿಲ್ಲದಿರಲು ಲೇಖಕರ ಅಭಿರುಚಿಯೊಂದೇ ಕಾರಣವಲ್ಲ. ವೇಣಾಡಿನ ರಾಜಮನೆತನದಲ್ಲಿ ಉತ್ತರಾಧಿಕಾರ ನಡೆಯುತ್ತಿದ್ದುದು ಮರುಮಕ್ಕತ್ತಾಯದಂತೆ. ತುಳುನಾಡು ಮತ್ತು ಕಾಸರಗೋಡಿನವರಿಗೆ ಪರಿಚಿತವಾದ ಅಳಿಯಸಂತಾನದ ಬಳಗದ ಪದ್ಧತಿಯಿದು. ಅರಸನ ಅನಂತರ ಪಟ್ಟ ಸೋದರಿಯ ಮಗನಿಗೆ. ಅರಸನ ಸ್ವಂತ ಮಕ್ಕಳು 'ತಂಬಿ'ಗಳು, ರಾಜ್ಯಕ್ಕೆ ಬಾಧ್ಯರಲ್ಲ. 'ಮಾರ್ತಾಂಡವರ್ಮ'ದ ಸಂಘರ್ಷ ಹುಟ್ಟುವುದೇ ಪಪ್ಪು ತಂಬಿ ಆ ಬಾಧ್ಯತೆಯನ್ನು ಬಯಸಿದ್ದರಿಂದ. ಅಂದಮೇಲೆ ಅರಸನ ಹೆಂಡತಿ ಯಾರೆಂಬುದು ರಾಜ್ಯದ ಪ್ರಶ್ನೆಯೇ ಅಲ್ಲ. ಕೊಚ್ಚಿಯ ಪೆರುಂಬಡಪ್ಪು ಸ್ವರೂಪದಲ್ಲಿಯೂ ಇದೇ ಕ್ರಮ. ಮಟ್ಟಾಂಚೇರಿಯಲ್ಲಿ ಪೋರ್ಚುಗೀಸರು ಸುಮಾರು 1555ರಲ್ಲಿ ಕಟ್ಟಿ ಕೊಚ್ಚಿಯ ಅರಸನಿಗೆ ಒಪ್ಪಿಸಿದ, ಮುಂದೆ ಡಚ್ಚರು ದುರಸ್ತಿ ಮಾಡಿದ್ದರಿಂದ ಡಚ್ ಅರಮನೆಯೆಂದು ಹೆಸರಾದ ಕಟ್ಟಡವಿದೆ. ಅದರ ಶಯ್ಯಾಗೃಹದ ಗೋಡೆಗಳ ಮೇಲೆ ರಾಮಾಯಣದ ವರ್ಣಚಿತ್ರಗಳಿವೆ. ಸೀತಾರಾಮರ ದಾಂಪತ್ಯ ಅಲ್ಲಿ ಬಣ್ಣದಲ್ಲಿದೆ. ಆದರೆ ಅದೇ ಅರಮನೆಯ ಪಟ್ಟಾಭಿಷೇಕದ ಚಾವಡಿಯಲ್ಲಿ ಅರಸನ ಪಕ್ಕ ಹೆಂಡತಿಗೆ ಸಿಂಹಾಸನವಿಲ್ಲ. ಕೊಚ್ಚಿಯ ಅರಸನ ಪತ್ನಿಗೆ ಸಲ್ಲುತ್ತಿದ್ದ ಹೆಸರು 'ನೇತ್ಯಾರಮ್ಮ'. ಅದು ಗೌರವದ ಹೆಸರು, ಅಧಿಕಾರದ ಹೆಸರಲ್ಲ. ಮನೆತನದ ಹಿರಿತನ ಸೋದರಿಯರ ಕಡೆಯದು. 'ಪಟ್ಟಮಹಾದೇವಿ' ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮಟ್ಟಾಂಚೇರಿಯ ಆ ಚಾವಡಿಗೆ ಹೋದ ಕನ್ನಡ ಓದುಗನಿಗೆ ತನ್ನ ಕಾದಂಬರಿಯ ಕಥಾಸೂತ್ರ ಅಲ್ಲಿ ನಡೆಯಲಾರದೆಂಬುದು ಕೂಡಲೇ ಹೊಳೆದೀತು.

ಬಾಲ್ಯದ ಗೆಳತಿ ಪಟ್ಟದ ರಾಣಿಯಾಗುವ ಕಥೆಗೆ ತಂದೆಯಿಂದ ಮಗನಿಗೆ ಪಟ್ಟ ಸಲ್ಲುವ ವ್ಯವಸ್ಥೆ ಅಗತ್ಯ. ಆ ವ್ಯವಸ್ಥೆಯೇ ಗೆಳತಿಯ ಪಕ್ಕದಲ್ಲಿ ಸವತಿಯನ್ನೂ ಸವತಿಯ ಮಗನನ್ನೂ ತಂದು ನಿಲ್ಲಿಸುತ್ತದೆ. ಮಟ್ಟಾಂಚೇರಿಯಲ್ಲಿ ಹೆಂಡತಿಗೆ ಪಟ್ಟವಿಲ್ಲ, ಹಾಗಾಗಿ ಪಟ್ಟಕ್ಕಾಗಿ ಸವತಿಯರ ಸೆಣಸಾಟಕ್ಕೂ ಕಾರಣವಿಲ್ಲ. ದೋರಸಮುದ್ರದಲ್ಲಿ ಎರಡೂ ಇವೆ. ಶಾಂತಲೆಗೆ ಸಿಕ್ಕಿದ್ದೂ ಅವಳಿಂದ ಕೈಜಾರಿದ್ದೂ ಒಂದೇ ಮೂಲದಿಂದ ಬಂದವು. ನಾಗರಾಜರಾಯರ ಕೃತಿಯಲ್ಲಿ ಈ ಅರಿವು ಪಾತ್ರಗಳಿಗೆ ಬರುವುದಿಲ್ಲ. ಅಯ್ಯರ್ ಅವರ ಶಾಂತಲೆ ಅದರ ಹತ್ತಿರ ಸುಳಿಯುತ್ತಾಳೆ.

ಇಂಥ ಕಾದಂಬರಿಗಳನ್ನು ತರಗತಿಯಲ್ಲಿ ಓದಿಸುವಾಗ ಒಂದು ಎಚ್ಚರ ಬೇಕಾಗುತ್ತದೆ. ಬೇಲೂರಿನ ದರ್ಪಣಸುಂದರಿಯನ್ನು ಶಾಂತಲೆಯ ಪ್ರತಿರೂಪವೆಂದು ಪ್ರವಾಸಿಗರಿಗೆ ತೋರಿಸುವುದುಂಟು. ಶಿಲ್ಪದ ಮೇಲೆ ಅಂಥ ಬರಹವೇನಿಲ್ಲ. ಕಾದಂಬರಿ ಓದಿದವನಿಗೆ ಆ ಕನ್ನಡಿಯಲ್ಲಿ ಬಲಿಪುರದ ಹುಡುಗಿಯ ಮುಖವೇ ಕಾಣುತ್ತದೆ. ತಪ್ಪೇನೂ ಇಲ್ಲ, ಅದು ಕಾದಂಬರಿಯ ಯಶಸ್ಸು. ಆದರೆ ವಿದ್ಯಾರ್ಥಿ ಶಾಸನಪಾಠವನ್ನೂ ಕಾದಂಬರಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಸಾಲು ಶಿಲೆಯದು, ಯಾವ ಸಾಲು ಲೇಖಕನದು ಎಂದು ಗುರುತುಹಾಕುತ್ತ ಓದಿದರೆ ಕಲ್ಪನೆಯ ಕೆಲಸ ಎಲ್ಲಿ ನಡೆದಿದೆಯೆಂಬುದು ಸ್ಪಷ್ಟವಾಗುತ್ತದೆ. ಹೀಗೆ ಗುರುತುಹಾಕಿದಾಗ ಒಲವಿನ ಪುಟಗಳಲ್ಲಿ ಶಿಲೆಯ ಸಾಲು ಒಂದೂ ಸಿಗುವುದಿಲ್ಲ.

ಶಿವಗಂಗೆಯ ಸಾವಿನ ಪುಟಗಳನ್ನು ಈ ರೀತಿ ಓದಿದರೆ ಇನ್ನೊಂದು ಅಂಶ ಗಮನಕ್ಕೆ ಬರುತ್ತದೆ. ಮಗಳು ತೀರಿದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸ ವ್ರತದಿಂದ ದೇಹ ಬಿಟ್ಟಳೆಂದು ಶಾಸನ ವಿವರವಾಗಿ ಹೇಳುತ್ತದೆ. ತಾಯಿಯ ದುಃಖಕ್ಕೆ ಶಾಸನದಲ್ಲಿ ಎಡೆ ಸಿಕ್ಕಿದೆ. 1131ರ ಅನಂತರವೂ ಹಲವು ವರ್ಷ ಬಾಳಿ, ಬಂಕಾಪುರದವರೆಗೂ ದಂಡಯಾತ್ರೆ ನಡೆಸಿದ ಬಾಲ್ಯದ ಗೆಳೆಯನ ದುಃಖವನ್ನು ಶಾಸನವೂ ಬರೆಯಲಿಲ್ಲ, ಕನ್ನಡದ ಈ ಎರಡು ಕಾದಂಬರಿಗಳೂ ಅದನ್ನು ಮುಂದಿನ ವರ್ಷಗಳಿಗೆ ಹಿಂಬಾಲಿಸಿಕೊಂಡು ಹೋಗಲಿಲ್ಲ.